ಅಂಧೇರಿಯ ಶನಿವಾರದ ಕೋರ್ಸ್: ಕಟ್ಟಡದ ಮೇಲೆ ಸಾಲ ಕೊಡುವ ಕೆಲಸ ಕಲಿಸುತ್ತದಾ?

ಈ ಕೋರ್ಸ್ ಹೇಗಿದೆ, ಸೇರಬಹುದಾ ಅಂತ ಕೇಳುವ ಒಬ್ಬೊಬ್ಬರಿಗೂ ಬೇರೆ ಬೇರೆ ವಾಟ್ಸಾಪ್ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಒಂದೇ ಕಡೆ ಬರೆದುಬಿಡುತ್ತೇನೆ. ಮುಂಬಯಿಯ ಅಂಧೇರಿ ಪೂರ್ವದಲ್ಲಿ ಕಮರ್ಷಿಯಲ್ ರಿಯಲ್ ಎಸ್ಟೇಟ್ ಸಾಲದ (ಆಫೀಸ್, ಮಾಲ್‌ನಂಥ ಕಟ್ಟಡಗಳ ಮೇಲೆ ಕೊಡುವ ಸಾಲ) ಬಗ್ಗೆ ಒಂದು ಕೋರ್ಸ್ ನಡೆಯುತ್ತದೆ. ಬರೀ ಶನಿವಾರ, ಬೆಳಿಗ್ಗೆಯಿಂದ ಸಂಜೆವರೆಗೆ, ಎರಡು ತಿಂಗಳು. ಫೀಸು 35,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 41,300. ನಾನು ಸೇರಿದ್ದು 2025ರ ನವೆಂಬರ್ ಬ್ಯಾಚ್‌ಗೆ. ಸಂಸ್ಥೆಯ ಹೆಸರು ಬರೆಯುವುದಿಲ್ಲ. ಕೆಳಗೆ ಹೊಗಳಿಕೆಯಷ್ಟೇ ಬೈಗುಳವೂ ಇದೆ, ಸುಮ್ನೆ ಜಗಳ ಯಾಕೆ?

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಬ್ಯಾಂಕಿನಲ್ಲೋ ಎನ್‌ಬಿಎಫ್‌ಸಿಯಲ್ಲೋ (ಬ್ಯಾಂಕ್ ಅಲ್ಲದ, ಸಾಲ ಕೊಡುವ ಕಂಪನಿ) ಒಂದೆರಡು ವರ್ಷ ಸಾಲದ ಫೈಲು ನೋಡಿದವರು ಸೇರಬಹುದು. ಕಾಲೇಜು ಮುಗಿಸಿ ನೇರ ಬರುವವರು ದುಡ್ಡು ಉಳಿಸಿಕೊಳ್ಳಿ. ಈ ಕೆಲಸದಲ್ಲಿ ಮುಖ್ಯವಾಗಿ ಬೇಕಾಗುವುದು ಕಾಗದ ಓದುವ ತಾಳ್ಮೆ. ಎಕ್ಸೆಲ್ ಆಮೇಲೆ. ಕೋರ್ಸಿನಲ್ಲಿ ಎಲ್ಲೆಲ್ಲಿ ಕೈಗೆ ಕಾಗದ ಕೊಟ್ಟರೋ ಅಲ್ಲೆಲ್ಲ ಚೆನ್ನಾಗಿತ್ತು. ಎಲ್ಲೆಲ್ಲಿ ಗೋಡೆ ಮೇಲೆ ಸ್ಲೈಡ್ ಬಿಟ್ಟರೋ ಅಲ್ಲೆಲ್ಲ ನಿದ್ದೆ ಬಂತು.

ನನ್ನ ಹಿನ್ನೆಲೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಂಕದ ಅರ್ಥ ಆಗುವುದಿಲ್ಲ. ಮನೆ ಡೊಂಬಿವಲಿಯಲ್ಲಿ, ಊರು ಕುಂದಾಪುರದ ಕಡೆ. ದೊಡ್ಡಪ್ಪ ಮುಲುಂಡ್‌ನಲ್ಲಿ ಬಾಡಿಗೆ ಜಾಗದಲ್ಲಿ ಹೋಟೆಲ್ ನಡೆಸುತ್ತಾರೆ. ನಾನು ಎಂಬಿಎ ಮುಗಿಸಿ ಒಂದು ಎನ್‌ಬಿಎಫ್‌ಸಿಯಲ್ಲಿ ಆಸ್ತಿ ಅಡಮಾನದ ಸಣ್ಣ ಸಾಲಗಳ ಟೀಮಿನಲ್ಲಿದ್ದೆ. ಅಂಗಡಿ, ಗಾಲಾ (ಸಣ್ಣ ವರ್ಕ್‌ಶಾಪ್ ಜಾಗ), ಫ್ಲಾಟ್ ಇಟ್ಟು ಸಾಲ ಕೇಳುವವರ ಫೈಲುಗಳು. ಅದೇ ಆಫೀಸಿನ ಇನ್ನೊಂದು ಮೂಲೆಯಲ್ಲಿ ದೊಡ್ಡವರ ಟೀಮು. ಆಫೀಸ್ ಕಟ್ಟಡ, ಮಾಲ್, ಗೋದಾಮು, ಬಿಲ್ಡರ್‌ಗಳ ಸಾಲ ಎಲ್ಲ ಅವರದು. ಆ ಮೂಲೆಗೆ ಹೋಗಬೇಕು ಅಂತ ಈ ಕೋರ್ಸ್ ಸೇರಿದ್ದು.

ಬೇಗ ಮುಗಿಯುವ ವಿಷಯಗಳು ಮೊದಲು. ಹೋಗಿ ಬರುವುದು ಸುಲಭ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಮರೋಳ್ ನಾಕಾ, ಆಮೇಲೆ ಸ್ವಲ್ಪ ನಡಿಗೆ. ಕ್ಲಾಸ್‌ರೂಮಿನ ಎಸಿ ವಿಪರೀತ ತಣ್ಣಗೆ. ಊಟ ಫೀಸಿನಲ್ಲೇ ಸೇರಿದೆ. ಹೋಟೆಲ್ ಮನೆಯವನಾಗಿ ಹೇಳುತ್ತೇನೆ, ಆ ಡಬ್ಬಿಯ ಸಾಂಬಾರಿನ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಮೊದಲ ಎರಡು ಶನಿವಾರ ಪೂರ್ತಿ ಅಮೆರಿಕ. ಅಲ್ಲಿ ಕಟ್ಟಡದ ಸಾಲಗಳನ್ನು ಒಟ್ಟು ಮಾಡಿ ಬಾಂಡ್ ಮಾಡಿ ಮಾರುವುದು ಹೇಗೆ, ಸಾಲ ಮುಳುಗಿದರೆ ಕಟ್ಟಡ ಮಾತ್ರ ಹೋಗಿ ಮಾಲೀಕನ ಬೇರೆ ಆಸ್ತಿ ಉಳಿಯುವುದು ಹೇಗೆ, ಇಂಥದ್ದೇ. ತಿಳಿದುಕೊಂಡರೆ ತಪ್ಪೇನಿಲ್ಲ. ಆದರೆ ಇಲ್ಲಿ ಸಾಲ ಕೊಡುವವರು ಪ್ರಮೋಟರ್‌ನ ಪರ್ಸನಲ್ ಗ್ಯಾರಂಟಿ ಕೇಳದೆ ಟರ್ಮ್ ಶೀಟ್ (ಸಾಲದ ಷರತ್ತುಗಳ ಹಾಳೆ) ಕೊಡುವುದೇ ಅಪರೂಪ. ನನ್ನ ಪಕ್ಕ ಕೂರುತ್ತಿದ್ದ ಮೇಡಂ ಬೆಳಗಾವಿ ಕಡೆಯವರು, ಪುಣೆಯ ಒಂದು ಬ್ಯಾಂಕಿನಲ್ಲಿ ಕ್ರೆಡಿಟ್ ಆಫೀಸರ್. ಮುಂಜಾನೆ ರೈಲು ಹಿಡಿದು ಬರುತ್ತಿದ್ದರು. ಎರಡನೇ ವಾರ ನನ್ನ ಕಡೆ ತಿರುಗಿ, "ಏನ್ರಿ, ನಸುಕಿನ್ಯಾಗ ಎದ್ದು ಬಂದದ್ದು ಈ ಅಮೆರಿಕಾದ ಕಥಿ ಕೇಳಾಕೇನ್ರಿ?" ಅಂದರು. ಇಡೀ ಕೋರ್ಸಿನ ಫೀಡ್‌ಬ್ಯಾಕ್ ಫಾರಂನಲ್ಲಿ ಇದಕ್ಕಿಂತ ಒಳ್ಳೆಯ ಸಾಲು ಯಾರೂ ಬರೆದಿರಲಿಕ್ಕಿಲ್ಲ.

ಮೂರನೇ ವಾರದಿಂದ ಪಾಠ ತೆಗೆದುಕೊಂಡವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಮರಾಠಿ ಸರ್. ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಎಲ್ಲರ ಕೈಗೂ ಒಂದು ಲೀಸ್ ಡೀಡಿನ ಜೆರಾಕ್ಸ್ ಕೊಟ್ಟರು, ಹೆಸರುಗಳನ್ನು ಕಪ್ಪು ಪೆನ್ನಿನಲ್ಲಿ ಹೊಡೆದುಹಾಕಿದ್ದರು. "ಇದರ ಮೇಲೆ ಎಷ್ಟು ಸಾಲ ಕೊಡುತ್ತೀರಿ?" ಅಂತ ಕೇಳಿ ಸುಮ್ಮನೆ ಕೂತರು.

ಇದು ಎಲ್‌ಆರ್‌ಡಿ, ಅಂದರೆ ಮುಂದೆ ಬರುವ ಬಾಡಿಗೆಯನ್ನು ನಂಬಿ ಇವತ್ತು ಕೊಡುವ ಸಾಲ. ಬಾಡಿಗೆದಾರ ನೇರವಾಗಿ ಎಸ್ಕ್ರೋ ಖಾತೆಗೆ (ಸಾಲ ಕೊಟ್ಟವರ ಹಿಡಿತದಲ್ಲಿರುವ ಖಾತೆ) ಬಾಡಿಗೆ ಹಾಕುತ್ತಾನೆ. ಅಲ್ಲಿಂದ ಮೊದಲು ನಮ್ಮ ಕಂತು, ಉಳಿದದ್ದು ಮಾಲೀಕನಿಗೆ. ಈ ಧಂದೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತ ಸಾಲ ಅಂತ ಎಲ್ಲರೂ ಹೇಳುವುದು ಇದನ್ನೇ.

ಡೀಡಿನಲ್ಲಿ ಇದ್ದದ್ದು ಇಷ್ಟು: 10,000 ಚದರ ಅಡಿ, ಅಡಿಗೆ ತಿಂಗಳಿಗೆ 100 ರೂಪಾಯಿ. ಅಂದರೆ ತಿಂಗಳಿಗೆ 10 ಲಕ್ಷ ಬಾಡಿಗೆ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್. ಅದರಲ್ಲಿ ತಿಂಗಳು ತಿಂಗಳೂ 10.8 ಲಕ್ಷ ಜಮಾ. ಕ್ಲಾಸಿನ ಮುಕ್ಕಾಲು ಜನ 10.8 ಬರೆದರು, ಉಳಿದವರು 10. ಸರ್ ಎರಡನ್ನೂ ಅಳಿಸಿದರು. 10 ಲಕ್ಷದ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 1.8 ಲಕ್ಷ ಬರುತ್ತದೆ, ಆದರೆ ಅದು ಸರ್ಕಾರದ್ದು, ಬಂದ ಹಾಗೇ ಹೋಗುತ್ತದೆ. ಬಾಡಿಗೆದಾರ ಶೇ. 10 ಟಿಡಿಎಸ್ ಹಿಡಿಯುತ್ತಾನೆ, ಆ 1 ಲಕ್ಷ ಖಾತೆಗೆ ಬರುವುದೇ ಇಲ್ಲ. ಮಾಲೀಕ ರಿಟರ್ನ್ ಹಾಕುವಾಗ ಲೆಕ್ಕ ಹೊಂದಿಸಿಕೊಳ್ಳುತ್ತಾನೆ, ಆದರೆ ಅದರಿಂದ ನಮ್ಮ ಕಂತು ತುಂಬುವುದಿಲ್ಲ. ಉಳಿದದ್ದು 9 ಲಕ್ಷ. ಆ ಕಟ್ಟಡದ ಆಸ್ತಿ ತೆರಿಗೆ, ವಿಮೆ ಮಾಲೀಕನದು. ತಿಂಗಳಿಗೆ ಹಂಚಿದರೆ 1 ಲಕ್ಷ. ಕೊನೆಗೆ ಸಿಕ್ಕಿದ್ದು 8 ಲಕ್ಷ.

ಆ 8 ಲಕ್ಷವೂ ಪೂರ್ತಿ ಕಂತಿಗೆ ಹೋಗುವ ಹಾಗಿಲ್ಲ. ಡಿಎಸ್‌ಸಿಆರ್ (ಆದಾಯ ಕಂತಿನ ಎಷ್ಟು ಪಟ್ಟು ಇದೆ ಅನ್ನುವ ಲೆಕ್ಕ) 1.25 ಬೇಕು ಅಂದರೆ ಕಂತು 6.4 ಲಕ್ಷಕ್ಕೆ ನಿಲ್ಲಬೇಕು. 12 ವರ್ಷಕ್ಕೆ, ಶೇ. 9 ಬಡ್ಡಿಗೆ ಸಾಲ ಸುಮಾರು 5.62 ಕೋಟಿ. ಟಿಡಿಎಸ್ ಒಂದನ್ನು ಮರೆತರೆ ಇದೇ ಲೆಕ್ಕ 6.33 ಕೋಟಿ ತೋರಿಸುತ್ತದೆ. ಒಂದು ಸಾಲು ಬಿಟ್ಟದ್ದಕ್ಕೆ 70 ಲಕ್ಷ ಜಾಸ್ತಿ. ಬಡ್ಡಿ ಶೇ. 10 ಆದರೆ 5.36 ಕೋಟಿಗೆ ಇಳಿಯುತ್ತದೆ. 2025ರ ಶುರುವಿನಲ್ಲಿ ಶೇ. 6.5 ಇದ್ದ ರೆಪೊ ದರ ಡಿಸೆಂಬರ್‌ಗೆ 5.25 ಆದಾಗ ಕಟ್ಟಡದ ಮಾಲೀಕರು ಯಾಕೆ ಟಾಪ್-ಅಪ್ (ಇರುವ ಸಾಲದ ಮೇಲೆ ಇನ್ನಷ್ಟು ಸಾಲ) ಕೇಳಿಕೊಂಡು ಬರುತ್ತಾರೆ ಅನ್ನುವುದು ನನಗೆ ಸರಿಯಾಗಿ ಅರ್ಥವಾದದ್ದು ಈ ಹಾಳೆಯಿಂದಲೇ.

ಮಧ್ಯಾಹ್ನ ಅದೇ ಡೀಡನ್ನು ಮತ್ತೆ ತೆರೆಸಿದರು. ಈ ಸಲ ನಂಬರ್ ಬೇಡ, ಷರತ್ತು ಓದಿ ಅಂದರು. ಮುಂಬಯಿಯ ಆಫೀಸ್ ಲೀಸ್ ಹೆಚ್ಚಾಗಿ 9 ವರ್ಷದ್ದು, ಮೂರು ಮೂರು ಮೂರು ಅಂತ ಭಾಗ, ಪ್ರತಿ ಮೂರು ವರ್ಷಕ್ಕೆ ಶೇ. 15 ಏರಿಕೆ. ಕಾಗದದ ಮೇಲೆ 9 ವರ್ಷ ನೋಡಿ ಖುಷಿಯಾಗುತ್ತದೆ. ಆದರೆ 9 ವರ್ಷ ಕಟ್ಟುಬೀಳುವುದು ಮಾಲೀಕ ಮಾತ್ರ. ಬಾಡಿಗೆದಾರನ ಲಾಕ್-ಇನ್ ಈ ಡೀಡಿನಲ್ಲಿ ಮೂರೇ ವರ್ಷ. ಆಮೇಲೆ ನೋಟಿಸ್ ಕೊಟ್ಟು ಎದ್ದು ಹೋಗಬಹುದು. ನಮ್ಮ ಸಾಲ 12 ವರ್ಷದ್ದು. ಹಾಗಾದರೆ ಉಳಿದ ವರ್ಷಗಳಿಗೆ ನಾವು ನಂಬಿರುವುದು ಏನನ್ನು?

ಆ ಪ್ರಶ್ನೆಗೆ ಸರ್ ಹೇಳಿಸಿದ ಉತ್ತರಗಳು ನೋಟ್‌ಬುಕ್‌ನಲ್ಲಿ ಎರಡು ಪುಟ ಆಗಿವೆ. ಬಾಡಿಗೆದಾರ ಒಳಗೆ ಫಿಟ್-ಔಟ್‌ಗೆ (ಒಳಗಿನ ಅಲಂಕಾರ, ಪೀಠೋಪಕರಣ) ಎಷ್ಟು ಖರ್ಚು ಮಾಡಿದ್ದಾನೆ? ಜಾಸ್ತಿ ಸುರಿದವನು ಸುಲಭಕ್ಕೆ ಹೋಗುವುದಿಲ್ಲ. ಅವನು ಕೊಡುತ್ತಿರುವ ಬಾಡಿಗೆ ಅಕ್ಕಪಕ್ಕದ ಕಟ್ಟಡಕ್ಕಿಂತ ಮೇಲಿದೆಯಾ, ಕೆಳಗಿದೆಯಾ? ಮೇಲಿದ್ದರೆ ಲಾಕ್-ಇನ್ ಮುಗಿದ ದಿನವೇ ಚೌಕಾಸಿ ಶುರು. ಡಿಪಾಸಿಟ್ ಎಷ್ಟು ತಿಂಗಳದ್ದು, ಆ ದುಡ್ಡು ಮಾಲೀಕನ ಹತ್ತಿರ ಇನ್ನೂ ಇದೆಯಾ? ಬಾಡಿಗೆದಾರ ಹೋದರೆ ಅದನ್ನು ವಾಪಸ್ ಕೊಡಬೇಕು, ಅದೇ ತಿಂಗಳು ಬಾಡಿಗೆಯೂ ನಿಂತಿರುತ್ತದೆ. ಇನ್ನು 10,000 ಚದರ ಅಡಿ ಅನ್ನುವುದು ಚಾರ್ಜೆಬಲ್ ಏರಿಯಾ. ಲಾಬಿ, ಲಿಫ್ಟ್, ಮೆಟ್ಟಿಲು ಎಲ್ಲದರ ಪಾಲು ಸೇರಿಸಿದ ಲೆಕ್ಕ. ಕಾರ್ಪೆಟ್ ಬರೀ 6,500. ಹಾಗಾಗಿ ಕಾಲಿಡುವ ಜಾಗಕ್ಕೆ ಅವನು ಕೊಡುತ್ತಿರುವುದು ಅಡಿಗೆ 100 ಅಲ್ಲ, 154. ಪಕ್ಕದ ಕಟ್ಟಡದ ಜೊತೆ ಹೋಲಿಸುವಾಗ ಯಾವ ಏರಿಯಾದ ರೇಟು ಅಂತ ಕೇಳದೆ ಹೋಲಿಸಿದರೆ ಇಡೀ ಕ್ರೆಡಿಟ್ ನೋಟ್ (ಸಾಲ ಕೊಡಬಹುದಾ ಅಂತ ನಾವು ಬರೆಯುವ ಟಿಪ್ಪಣಿ) ದಂಡ.

ಮನೆಗೆ ಬಂದು ಈ ಲಾಕ್-ಇನ್ ವಿಷಯ ದೊಡ್ಡಪ್ಪನಿಗೆ ಹೇಳಿದೆ. ಅವರು ನಕ್ಕರು. "ಎಂತ ಮಾರಾಯ, ಇದನ್ನ ಕಲಿಯಲಿಕ್ಕೆ ನಲವತ್ತು ಸಾವಿರ ಕೊಟ್ಟೆಯಾ? ನಮ್ಮ ಅಗ್ರಿಮೆಂಟ್ ತೋರಿಸ್ತಿದ್ದೆನಲ್ಲ" ಅಂದರು. ನಿಜ, ಅವರ ಅಗ್ರಿಮೆಂಟಿನಲ್ಲೂ ಅದೇ ಇದೆ. ಬಾಡಿಗೆ ಕೊಡುವವರಿಗೆ ಗೊತ್ತಿರುವುದು ಸಾಲ ಕೊಡುವವರಿಗೆ ಗೊತ್ತಾಗಲು ಫೀಸು ಕಟ್ಟಬೇಕು ಅಷ್ಟೇ.

ಸೈಟ್ ವಿಸಿಟ್ ಕೂಡ ಇದೇ ಸರ್ ಮಾಡಿಸಿದ್ದು, ನವಿ ಮುಂಬಯಿಯ ಮಹಾಪೆಯಲ್ಲಿ. ಕೋರ್ಸಿನ ಎರಡನೇ ಒಳ್ಳೆಯ ದಿನ. ಮಾಲೀಕ ಕೊಟ್ಟ ಬಾಡಿಗೆದಾರರ ಪಟ್ಟಿಯನ್ನು ನಮ್ಮ ಕೈಗೆ ಕೊಟ್ಟು, ಇದು ನಿಜವಾ ನೋಡಿ ಅಂತ ಬಿಟ್ಟರು. ಲಾಬಿಯ ಬೋರ್ಡಿನಲ್ಲಿರುವ ಹೆಸರುಗಳಿಗೂ ಪಟ್ಟಿಗೂ ಹೊಂದಿಕೆ ಇದೆಯಾ? ಮೀಟರ್ ರೂಮಿಗೆ ಹೋಗಿ ನೋಡಿದರೆ ಯಾವ ಮಹಡಿಯಲ್ಲಿ ಕರೆಂಟೇ ಉರಿಯುತ್ತಿಲ್ಲ ಗೊತ್ತಾಗುತ್ತದೆ. ಸೆಕ್ಯೂರಿಟಿಯವನ ಹತ್ತಿರ ಹಿಂದಿಯಲ್ಲಿ ಎರಡು ಮಾತಾಡಿದರೆ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಒಂದು ಕಡೆ ನೆಲಮಹಡಿಯೊಳಗೆ ಮೆಜಾನಿನ್ (ಅಟ್ಟದಂಥ ಅರ್ಧ ಮಹಡಿ) ಕಟ್ಟಿ ಅದಕ್ಕೂ ಬಾಡಿಗೆ ಹಾಕಿದ್ದರು. ಮಂಜೂರಾದ ಪ್ಲ್ಯಾನಿನಲ್ಲಿ ಅದು ಇಲ್ಲ. ಆ ಬಾಡಿಗೆ ಲೆಕ್ಕಕ್ಕಿಲ್ಲ, ವ್ಯಾಲ್ಯುವೇಶನ್‌ನಲ್ಲೂ ಇಲ್ಲ. ಇನ್ನೊಂದು ವಿಷಯ: ಆ ಜಾಗ ಎಂಐಡಿಸಿಯದು, ಅಂದರೆ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ನಿಗಮದ್ದು. ಮಾಲೀಕ ಅಂತ ನಾವು ಕರೆಯುವವನೂ ನೆಲದ ಲೆಕ್ಕದಲ್ಲಿ 95 ವರ್ಷದ ಲೀಸ್‌ದಾರ. ಅಡಮಾನಕ್ಕೆ ಎಂಐಡಿಸಿ ಒಪ್ಪಿಗೆ ಬೇಕು. ಲೀಸ್ ಶುರುವಾಗಿ ಎಷ್ಟು ವರ್ಷ ಆಯಿತು ಅನ್ನುವುದೂ ನೋಡಬೇಕು. ಇಷ್ಟೆಲ್ಲ ಆದ ಮೇಲೆ ಬಿಸಿಲಲ್ಲಿ ರಸ್ತೆ ಬದಿಯ ಕಬ್ಬಿನ ಹಾಲು ಕುಡಿದೆವು. ಸರ್ ದುಡ್ಡು ಕೊಟ್ಟರು, ಸಂಸ್ಥೆಯವರಲ್ಲ.

ಈಗ ಬೈಗುಳ. ಬಿಲ್ಡರ್‌ಗಳಿಗೆ ಕೊಡುವ ಸಾಲ, ಅಂದರೆ ಕಟ್ಟುತ್ತಿರುವ ಕಟ್ಟಡದ ಸಾಲ, ನಿಜವಾಗಿ ಅಪಾಯ ಇರುವುದು ಅಲ್ಲಿ, ಕೆಲಸ ಜಾಸ್ತಿ ಇರುವುದೂ ಅಲ್ಲೇ. ಅದಕ್ಕೆ ಕೊಟ್ಟದ್ದು ಒಂದೇ ಶನಿವಾರ, ಅದೂ ಬೇರೆಯವರು, ಸ್ಲೈಡ್ ಓದುವವರು. ಬ್ಯಾಂಕುಗಳು ಖಾಸಗಿ ಬಿಲ್ಡರ್‌ಗೆ ಜಾಗ ಕೊಳ್ಳಲು ಸಾಲ ಕೊಡುವಂತಿಲ್ಲ. ಹಾಗಾಗಿ ಆ ದುಡ್ಡು ಎನ್‌ಬಿಎಫ್‌ಸಿ ಮತ್ತು ಫಂಡ್‌ಗಳಿಂದ ಬರುತ್ತದೆ, ದುಬಾರಿಯಾಗಿ ಬರುತ್ತದೆ. ಇದನ್ನು ಒಂದು ವಾಕ್ಯದಲ್ಲಿ ದಾಟಿಸಿದರು. ಬಿಲ್ಡರ್‌ಗಳನ್ನು ಹಿಡಿತದಲ್ಲಿಡುವ ರೇರಾ ಕಾಯಿದೆ 2016ರದ್ದು, ಗ್ರಾಹಕರಿಂದ ಬಂದ ದುಡ್ಡಿನ ಶೇ. 70 ಬೇರೆ ಖಾತೆಯಲ್ಲಿಡಬೇಕು, ಆರ್ಕಿಟೆಕ್ಟ್, ಎಂಜಿನಿಯರ್, ಸಿಎ ಮೂವರ ಸರ್ಟಿಫಿಕೇಟ್ ಇದ್ದರೆ ಮಾತ್ರ ಕಟ್ಟಿದಷ್ಟು ತೆಗೆಯಬಹುದು ಅಂತ ಹೇಳಿದರು. ಸರಿ. ಆದರೆ ಸಾಲ ಕೊಟ್ಟವನಿಗೆ ಬೇಕಾದ ಪ್ರಶ್ನೆ ಬೇರೆ: ಆ ಶೇ. 70ಕ್ಕೆ ನಾನು ಕೈ ಹಾಕುವ ಹಾಗಿಲ್ಲ ಅಂದರೆ ನನ್ನ ಬಡ್ಡಿ ಎಲ್ಲಿಂದ ಬರಬೇಕು? 2024ರ ಜುಲೈನಿಂದ ಮಹಾರೇರಾ (ಮಹಾರಾಷ್ಟ್ರದ ರೇರಾ ಪ್ರಾಧಿಕಾರ) ಪ್ರತಿ ಯೋಜನೆಗೂ ಮೂರು ಖಾತೆ (ಎಲ್ಲ ದುಡ್ಡೂ ಮೊದಲು ಬೀಳುವುದು, ಶೇ. 70ರದು, ಉಳಿದದ್ದರದು) ಕಡ್ಡಾಯ ಮಾಡಿದ ಮೇಲೆ ಈ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಬೆಳಗಾವಿಯ ಮೇಡಂ ಇದನ್ನೇ ಕೇಳಿದರು. "ಒಳ್ಳೆಯ ಪ್ರಶ್ನೆ, ಆಮೇಲೆ ನೋಡೋಣ" ಅಂದರು ಸ್ಲೈಡ್ ಓದುವವರು. ಆ ಆಮೇಲೆ ಬರಲೇ ಇಲ್ಲ.

ಅದಕ್ಕಿಂತ ದೊಡ್ಡ ತಕರಾರು ಹಳೆಯ ಸ್ಲೈಡ್‌ಗಳದ್ದು. ಕಟ್ಟುತ್ತಿರುವ ಯೋಜನೆಗಳ ಸಾಲಕ್ಕೆ ಶೇ. 5 ಪ್ರಾವಿಷನ್ (ಸಾಲ ಮುಳುಗಿದರೆ ಅಂತ ಸಾಲ ಕೊಟ್ಟವರು ಎತ್ತಿಡುವ ದುಡ್ಡು) ಇಡಬೇಕು ಅಂತ ಒಂದು ಸ್ಲೈಡ್ ಹೇಳುತ್ತಿತ್ತು. ಅದು ರಿಸರ್ವ್ ಬ್ಯಾಂಕ್ 2024ರ ಮೇ ತಿಂಗಳಲ್ಲಿ ಹೊರಡಿಸಿದ ಕರಡಿನ ನಂಬರ್. ಅಂತಿಮ ನಿಯಮ 2025ರ ಜೂನ್‌ನಲ್ಲೇ ಬಂತು, ಅಕ್ಟೋಬರ್ 1ರಿಂದ ಜಾರಿ. ಕಟ್ಟುತ್ತಿರುವ ಕಮರ್ಷಿಯಲ್ ಯೋಜನೆಗೆ ಶೇ. 1.25, ವಸತಿ ಯೋಜನೆಗೆ ಶೇ. 1. ಐದಕ್ಕೂ ಒಂದೂಕಾಲಿಗೂ ಇರುವ ಅಂತರದಲ್ಲಿ ಇಡೀ ಸಾಲದ ಬೆಲೆಯೇ ಬದಲಾಗುತ್ತದೆ. ಇದನ್ನು ಹಾಗೇ ನಂಬಿ ಯಾರಾದರೂ ಇಂಟರ್‌ವ್ಯೂನಲ್ಲಿ ಹೇಳಿದರೆ ಅಲ್ಲಿಗೇ ಮುಗಿಯಿತು. 41,300 ತೆಗೆದುಕೊಳ್ಳುವವರು ಬ್ಯಾಚ್ ಶುರುವಾಗುವ ಮುಂಚೆ ಸ್ಲೈಡ್ ಒಮ್ಮೆ ತಿದ್ದಬಾರದಾ?

ಮಧ್ಯೆ ಒಂದು ಒಳ್ಳೆಯ ತುಂಡು ಬಿಟ್ಟುಹೋಯಿತು. 2018ರ ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುವ ದೊಡ್ಡ ಕಂಪನಿ ಐಎಲ್ಆಂಡ್‌ಎಫ್‌ಎಸ್ ಸಾಲ ಕಟ್ಟಲಾಗದೆ ಕೂತಾಗ ಏನಾಯಿತು ಅನ್ನುವುದನ್ನು ಮರಾಠಿ ಸರ್ ಊಟದ ಹೊತ್ತಿನಲ್ಲಿ ಹೇಳಿದರು, ಸಿಲಬಸ್‌ನಲ್ಲಿ ಇರಲಿಲ್ಲ. ಎನ್‌ಬಿಎಫ್‌ಸಿಗಳು ಮೂರು ತಿಂಗಳ ಕಮರ್ಷಿಯಲ್ ಪೇಪರ್ (ಅಲ್ಪಾವಧಿಯ ಸಾಲಪತ್ರ) ಮಾರಿ ದುಡ್ಡು ತಂದು ಬಿಲ್ಡರ್‌ಗಳಿಗೆ ನಾಲ್ಕೈದು ವರ್ಷಕ್ಕೆ ಕೊಟ್ಟಿದ್ದವು. ಪೇಪರ್ ಕೊಳ್ಳುವವರು ಕೊಳ್ಳುವುದು ನಿಲ್ಲಿಸಿದರು. ಬಿಲ್ಡರ್‌ಗೆ ಮುಂದಿನ ಕಂತು ಬಿಡುಗಡೆಯಾಗಲಿಲ್ಲ. ಸ್ಲ್ಯಾಬ್ ಅರ್ಧಕ್ಕೆ ನಿಂತಿತು, ಫ್ಲಾಟ್ ಕೊಂಡವರು ದುಡ್ಡು ಕೊಡುವುದು ನಿಲ್ಲಿಸಿದರು. 2019ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗೃಹ ಸಾಲದ ಕಂಪನಿ ಡಿಎಚ್‌ಎಫ್‌ಎಲ್ ಆಡಳಿತ ಮಂಡಳಿಯನ್ನೇ ತೆಗೆದುಹಾಕಿ ದಿವಾಳಿ ಕಾಯಿದೆಗೆ ಒಯ್ದಿತು. ನಿಂತ ಮನೆ ಯೋಜನೆಗಳಿಗೆ ಕೇಂದ್ರ ಸರ್ಕಾರ 25,000 ಕೋಟಿಯ ಸ್ವಾಮಿಹ್ ಫಂಡ್ ಘೋಷಿಸಿದ್ದೂ ಅದೇ ತಿಂಗಳು. ನಮ್ಮ ಕಂಪನಿಯ ಹಿರಿಯರು ಯಾಕೆ ಇವತ್ತಿಗೂ ದೊಡ್ಡ ಬಿಲ್ಡರ್ ಸಾಲಕ್ಕೆ ಸಹಿ ಹಾಕುವಾಗ ಪೆನ್ನು ಹಿಡಿದು ಅಷ್ಟು ಹೊತ್ತು ಕೂರುತ್ತಾರೆ ಅಂತ ಅವತ್ತು ತಿಳಿಯಿತು.

ಪ್ಲೇಸ್‌ಮೆಂಟ್ ಸಹಾಯ ಅಂತ ಬ್ರೋಶರ್‌ನಲ್ಲಿ ದಪ್ಪ ಅಕ್ಷರದಲ್ಲಿದೆ. ಅದು ಒಂದು ವಾಟ್ಸಾಪ್ ಗ್ರೂಪ್. ಅದರಲ್ಲಿ ಬಂದದ್ದೆಲ್ಲ ಹೋಮ್ ಲೋನ್ ಮಾರುವ, ಕಮಿಷನ್ ಮೇಲೆ ಓಡಾಡುವ ಕೆಲಸಗಳು. ಆ ಕೆಲಸ ಕೀಳು ಅಂತಲ್ಲ, ಆದರೆ ಅದಕ್ಕೆ ಈ ಕೋರ್ಸ್ ಬೇಕಾಗಿಲ್ಲ. ನಮ್ಮ ಬ್ಯಾಚಿನಲ್ಲಿ ಈಗಷ್ಟೇ ಕಾಲೇಜು ಮುಗಿಸಿದ ಹುಡುಗರಿದ್ದರು, ಅಪ್ಪ ಅಮ್ಮನ ದುಡ್ಡಿನಲ್ಲಿ ಸೇರಿದವರು. ಅವರ ಮುಖ ನೋಡಿ ನನಗೆ ನಿಜವಾಗಿ ಸಿಟ್ಟು ಬಂತು. ಸರ್ಟಿಫಿಕೇಟಿಗೂ ಅಷ್ಟೇ ಬೆಲೆ. ನಾನು ಆಫೀಸಿನಲ್ಲಿ ಟೀಮ್ ಬದಲಿಸಲು ಅರ್ಜಿ ಹಾಕಿದಾಗ ಎಚ್‌ಆರ್ ಅದನ್ನು ಕೇಳಲೂ ಇಲ್ಲ.

ಆದರೆ ಇಂಟರ್‌ವ್ಯೂನಲ್ಲಿ ಆ ಟೀಮಿನ ಹೆಡ್ ಒಂದು ಲೀಸ್‌ನ ಸಾರಾಂಶ ಮುಂದಿಟ್ಟು ಕೇಳಿದ ಮೊದಲ ಪ್ರಶ್ನೆ: "ಲಾಕ್-ಇನ್ ಮುಗಿದ ಮರುದಿನ ಇವರು ಹೊರಟರೆ ಕಂತು ಯಾರು ಕಟ್ಟುತ್ತಾರೆ?" ನೋಟ್‌ಬುಕ್‌ನ ಆ ಎರಡು ಪುಟ ಬಾಯಿಗೆ ಬಂತು. ಈಗ ಆ ಮೂಲೆಯಲ್ಲೇ ಕೂರುತ್ತೇನೆ. ಹೆಸರಿಗೆ ಅನಲಿಸ್ಟ್. ಕೆಲಸ ಅಂದರೆ ಟೈಟಲ್ ರಿಪೋರ್ಟ್ (ಆಸ್ತಿ ಯಾರದು ಅನ್ನುವ ವಕೀಲರ ವರದಿ) ಓದುವುದು, ಓಸಿ (ಕಟ್ಟಡ ಬಳಸಬಹುದು ಅನ್ನುವ ಪ್ರಮಾಣಪತ್ರ) ಪೂರ್ತಿ ಕಟ್ಟಡಕ್ಕಾ ಕೆಲವು ಮಹಡಿಗಾ ನೋಡುವುದು, ಬಾಡಿಗೆದಾರರಿಂದ ಎಸ್ಕ್ರೋ ಒಪ್ಪಿಗೆ ಪತ್ರ ಬಂತಾ ಅಂತ ದಿನಾ ಫೋನ್ ಮಾಡುವುದು. ಸ್ಯಾಂಕ್ಷನ್ ಆದ ಖುಷಿ ಒಂದು ಸಂಜೆ, ಡಿಸ್ಬರ್ಸ್‌ಮೆಂಟ್‌ಗೆ (ದುಡ್ಡು ಬಿಡುಗಡೆ) ಮುಂಚಿನ ಷರತ್ತುಗಳ ಓಡಾಟ ಒಂದು ತಿಂಗಳು. ಇದನ್ನು ಯಾವ ಬ್ರೋಶರೂ ಹೇಳುವುದಿಲ್ಲ.

ಕೋರ್ಸಿಗೆ ದುಡ್ಡು ಹಾಕಲು ಇಷ್ಟವಿಲ್ಲದವರಿಗೆ ಪುಕ್ಕಟೆ ದಾರಿ ಇದೆ. ಬಾಡಿಗೆ ಕಟ್ಟಡಗಳನ್ನು ಇಟ್ಟುಕೊಂಡಿರುವ ಟ್ರಸ್ಟ್‌ಗಳು, ಅಂದರೆ ಷೇರುಪೇಟೆಯಲ್ಲಿರುವ ಆರ್‌ಇಐಟಿಗಳು ಪ್ರತಿ ಮೂರು ತಿಂಗಳಿಗೆ ಎಲ್ಲ ಬಿಚ್ಚಿಡುತ್ತವೆ. 2019ರಲ್ಲಿ ಮೊದಲು ಬಂದದ್ದು ಎಂಬಸಿ, ಆಮೇಲೆ ಮೈಂಡ್‌ಸ್ಪೇಸ್, ಬ್ರೂಕ್‌ಫೀಲ್ಡ್. ಮಾಲ್ ಬೇಕಾದರೆ ನೆಕ್ಸಸ್. ಎಷ್ಟು ಜಾಗ ತುಂಬಿದೆ, ಲೀಸ್ ಸರಾಸರಿ ಇನ್ನೆಷ್ಟು ವರ್ಷ ಉಳಿದಿದೆ, ಸಾಲ ಎಷ್ಟು, ಬಡ್ಡಿ ಎಷ್ಟು, ಎಲ್ಲ ಅದರಲ್ಲಿದೆ. ಆಸ್ತಿ ಮೌಲ್ಯದ ಶೇ. 49ಕ್ಕಿಂತ ಹೆಚ್ಚು ಸಾಲ ಮಾಡುವಂತಿಲ್ಲ ಅನ್ನುವ ಸೆಬಿ ನಿಯಮ ಇಟ್ಟುಕೊಂಡು ನೋಡಿ. ಒಂದು ಕಟ್ಟಡ ಆರಿಸಿ, ನೀವೇ ಸಾಲ ಕೊಡುವವರು ಅಂದುಕೊಂಡು ಮೂರು ಪುಟದ ನೋಟ್ ಬರೆಯಿರಿ. ಕಟ್ಟುತ್ತಿರುವ ಯೋಜನೆಗೆ ಮಹಾರೇರಾ ವೆಬ್‌ಸೈಟ್ ಸಾಕು. ಎಷ್ಟು ಫ್ಲಾಟ್ ಮಾರಿದ್ದಾರೆ, ಮುಗಿಸುವ ದಿನಾಂಕ ಎಷ್ಟು ಸಲ ಮುಂದೆ ಹೋಗಿದೆ, ಯಾರ ಹತ್ತಿರ ಅಡಮಾನ ಇದೆ, ಒಂದೇ ಪುಟದಲ್ಲಿ ಸಿಗುತ್ತದೆ. ಹೊಸಬರನ್ನು ತೆಗೆದುಕೊಳ್ಳುವಾಗ ನಮ್ಮ ಟೀಮಿನಲ್ಲಿ ಸರ್ಟಿಫಿಕೇಟಿಗಿಂತ ಇಂಥ ಒಂದು ನೋಟ್ ನೋಡಿದರೆ ಕಣ್ಣು ಅರಳುತ್ತದೆ.

ಆದರೂ ಸೇರುತ್ತೀರಾ? ಹಾಗಾದರೆ ಫೀಸು ಎರಡು ಕಂತಿನಲ್ಲಿ ಕೊಡುತ್ತೇನೆ ಅಂತ ಹೇಳಿ, ಒಪ್ಪುತ್ತಾರೆ. ಕಂಪನಿ ಅರ್ಧ ಭರಿಸುತ್ತದಾ ಅಂತ ಮ್ಯಾನೇಜರ್‌ನ ಕೇಳಿ, ಬೆಳಗಾವಿಯ ಮೇಡಂಗೆ ಅವರ ಬ್ಯಾಂಕು ಕೊಟ್ಟಿತು. ಒಂದು ಸ್ವೆಟರ್ ಒಯ್ಯಿರಿ. ಎಲ್ಲಕ್ಕಿಂತ ಮುಂಚೆ ಫೋನ್ ಮಾಡಿ, ಲೀಸ್ ಪಾಠವನ್ನೂ ಮಹಾಪೆಯ ಸೈಟ್ ವಿಸಿಟ್ಟನ್ನೂ ಈ ಸಲ ಯಾರು ಮಾಡಿಸುತ್ತಾರೆ ಅಂತ ಕೇಳಿ. ಆ ನಿವೃತ್ತ ಬ್ಯಾಂಕ್ ಸರ್ ಅಲ್ಲ ಅಂದರೆ ನನ್ನ ಮೂರು ಅಂಕವನ್ನು ಒಂದೂವರೆ ಅಂತ ಓದಿಕೊಳ್ಳಿ.